ಕೋಟೆಯ ದುಡ್ಡು, ನಮ್ಮ ಹಿತ್ತಿಲ ಗೋಡೆ

ಕೋಟೆಗೆ ಅನುದಾನ ಅನ್ನೋ ಸುದ್ದಿ ಬಂದರೆ ಸಾಕು, ನಮ್ಮ ಚಿತ್ರದುರ್ಗದ ಟೀ ಅಂಗಡಿಗಳಲ್ಲಿ ಪಟ್ಟಿ ಶುರು. ಬಣ್ಣದ ಲೈಟು, ರೋಪ್‌ವೇ, ಸೆಲ್ಫಿ ಪಾಯಿಂಟು, ಓಬವ್ವನಿಗೆ ಇನ್ನೊಂದು ಪ್ರತಿಮೆ. ನನಗೆ ಮಾತ್ರ ನಮ್ಮ ಮನೆ ಹಿತ್ತಿಲ ಗೋಡೆ ನೆನಪಾಗುತ್ತದೆ.

ಅಜ್ಜನ ಕಾಲದ ಗೋಡೆ ಅದು. ಕಲ್ಲು, ಮಣ್ಣು, ಮೇಲೆ ಸುಣ್ಣದ ಗಾರೆ. ಅಲ್ಲಲ್ಲಿ ಉದುರಿತ್ತು, ಅಷ್ಟೇ. ಮೇಸ್ತ್ರಿ ಬಂದು "ಸಿಮೆಂಟ್ ಹೊಡೆದುಬಿಡೋಣ ಸಾರ್, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಅಂದ. ಹೊಡೆಸಿದೆ. ಎರಡು ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟು ನಿಂತಿತು. ಗಾರೆ ಇದ್ದಾಗ ಒಳಗಿನ ತೇವ ಹಾಗೇ ಆರಿ ಹೋಗುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ಕೂಡಿ ಹಾಕಿತು. ಹಳೇ ಕಟ್ಟಡಕ್ಕೆ ಕೈ ಹಾಕುವವರ ಮೇಲೆ ನನಗೆ ಅವತ್ತಿಂದ ಸ್ವಲ್ಪ ಅನುಮಾನ ಜಾಸ್ತಿ.

ಮೊನ್ನೆ ದಾವಣಗೆರೆಯಿಂದ ಅಕ್ಕನ ಮಗ ಬಂದಿದ್ದ. ಕೋಟೆ ಹತ್ತಿಸಿದೆ. ಮದ್ದು ಬೀಸುವ ದೊಡ್ಡ ಕಲ್ಲುಗಳನ್ನು ಬಗ್ಗಿ ಬಗ್ಗಿ ನೋಡಿದ. ಬಂಡೆಯ ಅಂಚಲ್ಲಿ ಸಾಲಾಗಿ ಚೌಕದ ತೂತುಗಳಿವೆಯಲ್ಲ, ಕಲ್ಲು ಸೀಳೋಕೆ ಹೊಡೆದದ್ದು, ಅದಕ್ಕೆ ಬೆರಳು ಹಾಕಿ "ಮಾಮ, ಸ್ಟಾಂಪಿನ ಅಂಚು ಇದ್ದಂಗಿದೆ" ಅಂದ. ಓಬವ್ವನ ಕಿಂಡಿಯಲ್ಲಿ ನುಸುಳಿದ. ಆದರೆ ಅವನು ಜಾಸ್ತಿ ಹೊತ್ತು ನಿಂತದ್ದು ಅರಮನೆಯ ಮಣ್ಣಿನ ಗೋಡೆಗಳ ಮುಂದೆ. "ಇದು ಬರೀ ಮಣ್ಣಾ?" ಹೈದರಾಲಿ ಮದಕರಿ ನಾಯಕನಿಂದ ಕೋಟೆ ಕಿತ್ತುಕೊಂಡದ್ದು 1779ರಲ್ಲಿ. ಅವತ್ತಿಂದ ಎಷ್ಟು ಮಳೆ ಬಿದ್ದಿರಬೇಕು ಲೆಕ್ಕ ಹಾಕಿ. ಇಂಥ ಗೋಡೆಗೆ ಬೇಕಾದ್ದು ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು, ಸಂದಿಯಲ್ಲಿ ಬೇರು ಬಿಡುವ ಆಲದ ಸಸಿಯನ್ನು ಚಿಕ್ಕದಿದ್ದಾಗಲೇ ಕೀಳುವುದು. ಇದಕ್ಕೆ ಯಾರೂ ಟೇಪು ಕತ್ತರಿಸೋಕೆ ಬರುವುದಿಲ್ಲ ಬಿಡಿ.

ನೀರಿನ ವಿಷಯವೂ ಅಷ್ಟೇ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬೆಟ್ಟದ ಮಳೆಯನ್ನು ಹೀಗೆ ಮೆಟ್ಟಿಲು ಇಳಿಸಿ ಊರಿಗೆ ತಂದವರು ನಾಯಕರು. ಪ್ರವಾಸಿಗೆ ತೋರಿಸಬೇಕಾದ್ದು ಇದು. ನಡುವಿನ ಕಾಲುವೆ, ತೂಬು ಸರಿ ಇದ್ದರೆ ಮಳೆಗಾಲದಲ್ಲಿ ಅದೇ ದೊಡ್ಡ ಶೋ ಅಲ್ವಾ?

ಇನ್ನೊಂದು ಮಾತು. ಬೆಟ್ಟದ ಕೋಟೆ ಇರುವುದು ಕೇಂದ್ರದ ಪುರಾತತ್ವ ಇಲಾಖೆ ಕೈಯಲ್ಲಿ. ಅಂಥ ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. (ಆ ಗೆರೆಯೊಳಗೆ ಮನೆ ಇರುವವರ ಪಾಡು ಬೇರೆ ಕಥೆ.) ಹಾಗಾಗಿ ರಾಜ್ಯವೋ ಊರೋ ದುಡ್ಡು ಹಾಕುವುದಿದ್ದರೆ ಕೆಳಗೆ ಹಾಕಲಿ. ಏಳು ಸುತ್ತಿನ ಕೋಟೆ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಹೊರಗಿನ ಸುತ್ತು ಮನೆಗಳ ನಡುವೆ ಎಲ್ಲೆಲ್ಲಿ ಹಾದು ಹೋಗಿದೆ ಅಂತ ನಮ್ಮಲ್ಲೇ ಎಷ್ಟು ಜನ ತೋರಿಸಬಲ್ಲರು? ರಂಗಯ್ಯನ ಬಾಗಿಲಿನಿಂದ ಶುರುಮಾಡಿ ಆ ಗೋಡೆಯ ಗುಂಟ ಒಂದು ಕಾಲುದಾರಿ, ಒಂದಿಷ್ಟು ನೆರಳು, ಚೊಕ್ಕ ಶೌಚಾಲಯ. ಅಷ್ಟಾದರೆ ಬೆಳಿಗ್ಗೆ ಕೋಟೆ ನೋಡಿ ಮಧ್ಯಾಹ್ನ ಹಂಪಿ ದಾರಿ ಹಿಡಿಯುವವರು ಒಂದು ಊಟವಾದರೂ ಇಲ್ಲಿ ಮಾಡುತ್ತಾರೆ.

ಲೈಟು ಹಾಕಿದರೆ ರಾತ್ರಿ ಉಳಿಯುತ್ತಾರೆ ಅಂತ ಗೆಳೆಯ ವಾದ ಮಾಡುತ್ತಾನೆ. ಇರಬಹುದು. ಹಾಕಲಿ, ಕೊನೆಗೆ ದುಡ್ಡು ಮಿಕ್ಕರೆ.

ನಮ್ಮ ಹಿತ್ತಿಲ ಸಿಮೆಂಟು ಕೀಳಿಸಿದೆ. ಗಾರೆ ಕೆಲಸ ಬಲ್ಲವರನ್ನು ಹುಡುಕೋಕೆ ನಾಲ್ಕು ತಿಂಗಳು ಹಿಡಿಯಿತು. ಸಿಕ್ಕವರು ಎಪ್ಪತ್ತು ದಾಟಿದ ಅಜ್ಜ. ಸುಣ್ಣ ನೆನೆಹಾಕಿ, ಬೆಲ್ಲದ ನೀರು ಬೆರೆಸಿ, ಬೆರಳಲ್ಲಿ ತಿಕ್ಕಿ ಹದ ನೋಡುತ್ತಿದ್ದರು. "ಮಗನಿಗೆ ಕಲಿಸಿದ್ದೀರಾ ಯಜಮಾನ್ರೇ?" ಅಂದೆ.

"ಅವ್ನು ಬೆಂಗ್ಳೂರಾಗೆ ಟೈಲ್ಸ್ ಹಾಕ್ತಾನೆ" ಅಂದರು.