ಫೈಲ್ ಅಳಿಯದಿದ್ದರೆ ಮೊದಲು ಡೈರೆಕ್ಟರಿ ನೋಡಿ

ಯೂನಿಕ್ಸ್‌ನಲ್ಲಿ ಫೈಲ್ ಡಿಲೀಟ್ ಆಗುತ್ತಿಲ್ಲ ಎಂದರೆ ಸಾಕು, 'ಸುಡೊ ಆರ್‌ಎಂ -ಆರ್‌ಎಫ್ ಹೊಡಿ' ಅನ್ನುವವರು ಸಿಗುತ್ತಾರೆ. ಸುಡೊ ಎಂದರೆ ರೂಟ್ (ಎಲ್ಲ ಅಧಿಕಾರವಿರುವ ಅಡ್ಮಿನ್ ಖಾತೆ) ಆಗಿ ಓಡಿಸುವುದು, ಆರ್‌ಎಂ ಅಳಿಸುವ ಕಮಾಂಡ್, -ಆರ್ ಎಂದರೆ ಡೈರೆಕ್ಟರಿ (ಫೋಲ್ಡರ್) ಒಳಗಿನದ್ದೆಲ್ಲ ಸಮೇತ. ದಯವಿಟ್ಟು ಹೊಸಬರಿಗೆ ಹೀಗೆ ಹೇಳಿಕೊಡಬೇಡಿ. -ಎಫ್ ಹಾಕಿದರೆ ಇಲ್ಲದ ಪರ್ಮಿಶನ್ ಹುಟ್ಟುವುದಿಲ್ಲ. ಅಳಿಸಲೇ ಎಂದು ಕೇಳುವುದು ನಿಲ್ಲುತ್ತದೆ, ಅಷ್ಟೇ. ಜೊತೆಗೆ ಸುಡೊ ಇದ್ದು, ಪಾತ್ ನಡುವೆ ಒಂದು ಸ್ಪೇಸ್ ತಪ್ಪಿ ಬಿದ್ದರೆ ಇಡೀ ಡೈರೆಕ್ಟರಿಯೇ ಹೋಗಬಹುದು.

ಆರ್‌ಎಂ ಮಾಡುವುದು ಡೈರೆಕ್ಟರಿಯ ಪಟ್ಟಿಯಿಂದ ಒಂದು ಹೆಸರನ್ನು ತೆಗೆಯುವ ಕೆಲಸ. ಹಾಗಾಗಿ 'ಪರ್ಮಿಶನ್ ಡಿನೈಡ್' ಬಂದಾಗ ಫೈಲ್‌ಗೆ ಸಿಎಚ್‌ಮಾಡ್ 777 (ಎಲ್ಲರಿಗೂ ಎಲ್ಲ ಪರ್ಮಿಶನ್) ಕೊಟ್ಟು ಪ್ರಯೋಜನವಿಲ್ಲ. ಅದು ಇರುವ ಡೈರೆಕ್ಟರಿಯ ಮೇಲೆ ರೈಟ್, ಎಕ್ಸಿಕ್ಯೂಟ್ ಎರಡೂ ಬೇಕು. 'ಎಲ್‌ಎಸ್ -ಎಲ್‌ಡಿ .' ಹಾಕಿದರೆ ನೀವಿರುವ ಡೈರೆಕ್ಟರಿಯ ಪರ್ಮಿಶನ್ ಕಾಣುತ್ತದೆ. ಪರ್ಮಿಶನ್ ಸಾಲಿನ ತುದಿಯಲ್ಲಿ 'ಟಿ' ಇದ್ದರೆ ಅದು ಸ್ಟಿಕ್ಕಿ ಬಿಟ್: ಫೈಲಿನ ಓನರ್, ಡೈರೆಕ್ಟರಿಯ ಓನರ್ ಅಥವಾ ರೂಟ್ ಮಾತ್ರ ಅಳಿಸಬಹುದು. ಲಿನಕ್ಸ್‌ನಲ್ಲಿ ರೂಟ್‌ಗೂ 'ಆಪರೇಶನ್ ನಾಟ್ ಪರ್ಮಿಟೆಡ್' ಬಂದರೆ ಫೈಲಿನ ವಿಶೇಷ ಗುರುತುಗಳನ್ನು ತೋರಿಸುವ ಎಲ್‌ಎಸ್‌ಅಟ್ರ್ ಓಡಿಸಿ. 'ಐ' (ಬದಲಿಸಲಾಗದು ಎಂಬ) ಗುರುತು ಕಂಡರೆ ಸಿಎಚ್‌ಅಟ್ರ್ -ಐ ಕೊಟ್ಟು ತೆಗೆಯಬಹುದು. ಆದರೆ ಆ ಗುರುತು ತಾನಾಗಿ ಬರುವುದಲ್ಲ, ಯಾರು ಯಾಕೆ ಹಾಕಿದ್ದಾರೆಂದು ಮೊದಲು ವಿಚಾರಿಸಿ. 'ರೀಡ್ ಓನ್ಲಿ ಫೈಲ್ ಸಿಸ್ಟಮ್' ಎಂದರೆ ಅಳಿಸುವ ಯೋಚನೆ ಬಿಟ್ಟು ಡಿಮೆಸೇಜ್ (ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಬರೆಯುವ ಸಂದೇಶಗಳು) ಓದಿ, ಡಿಸ್ಕ್ ಕೆಡುತ್ತಿರಬಹುದು.

ಹೆಸರೇ '-ಎಕ್ಸ್' ಎಂದಿದ್ದರೆ ಆರ್‌ಎಂ ಅದನ್ನು ಆಪ್ಷನ್ ಎಂದುಕೊಳ್ಳುತ್ತದೆ. 'ಆರ್‌ಎಂ ./-ಎಕ್ಸ್' ಸಾಕು. ಟೈಪ್ ಮಾಡಲಾಗದ ಅಕ್ಷರವಿದ್ದರೆ 'ಎಲ್‌ಎಸ್ -ಎಲ್‌ಐ' ಕೊಟ್ಟು ಐನೋಡ್ ನಂಬರ್ (ಫೈಲಿಗೆ ಸಿಸ್ಟಮ್ ಕೊಟ್ಟಿರುವ ಸಂಖ್ಯೆ) ತೆಗೆದುಕೊಂಡು, ಹುಡುಕುವ ಕಮಾಂಡ್ ಫೈಂಡ್‌ನ -ಐನಮ್ ಬಳಸಿ. ಮೊದಲು ಬರೀ ಹುಡುಕಿ ಹೆಸರು ಸರಿಯೇ ನೋಡಿ, ಆಮೇಲೆ -ಡಿಲೀಟ್ ಅನ್ನು ಕಟ್ಟಕಡೆಗೆ ಸೇರಿಸಿ. ಮೊದಲೇ ಬರೆದರೆ ಷರತ್ತು ನೋಡುವ ಮುನ್ನವೇ ಎಲ್ಲವನ್ನೂ ಅಳಿಸುತ್ತದೆ! 'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್' ಬಂದಾಗಲೂ ಫೈಂಡ್ ಸಾಕು, ಅಲ್ಲಿ ತಪ್ಪು ಆರ್‌ಎಂನದ್ದಲ್ಲ. ಶೆಲ್ (ನಿಮ್ಮ ಕಮಾಂಡ್ ಓದುವ ಪ್ರೋಗ್ರಾಮ್) ನಕ್ಷತ್ರ ಚಿಹ್ನೆಯನ್ನು (*) ಬಿಡಿಸಿ ಕೊಟ್ಟ ಹೆಸರುಗಳು ಕರ್ನಲ್‌ನ ಮಿತಿ ದಾಟಿರುತ್ತವೆ.

ಹೆಚ್ಚು ಜನ ಒದ್ದಾಡುವುದು ಇನ್ನೊಂದು ಕಡೆ. ದೊಡ್ಡ ಲಾಗ್ ಫೈಲ್ ಅಳಿಸಿದರೂ ಡಿಸ್ಕ್‌ನ ಖಾಲಿ ಜಾಗ ತೋರಿಸುವ ಡಿಎಫ್‌ನಲ್ಲಿ ಜಾಗ ಹೆಚ್ಚುವುದಿಲ್ಲ, ಫೈಲ್‌ಗಳ ಗಾತ್ರ ಕೂಡಿ ಹೇಳುವ ಡಿಯುನಲ್ಲಿ ಮಾತ್ರ ಬಳಕೆ ಕಡಿಮೆಯಾಗಿರುತ್ತದೆ. ಹೆಸರು ಹೋಯಿತು, ಆದರೆ ಯಾವುದೋ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಆ ಫೈಲನ್ನು ತೆರೆದೇ ಇಟ್ಟುಕೊಂಡಿದೆ. 'ಎಲ್‌ಎಸ್‌ಓಎಫ್ +ಎಲ್1' ಯಾವುದೆಂದು ತೋರಿಸುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುಗಡೆ. ರೀಸ್ಟಾರ್ಟ್ ಮಾಡಲಾಗದ ಲಿನಕ್ಸ್ ಸರ್ವರ್‌ನಲ್ಲಿ, ಪಿಐಡಿ (ಪ್ರೋಸೆಸ್‌ನ ಸಂಖ್ಯೆ) 2314, ಎಫ್‌ಡಿ (ಅದು ತೆರೆದ ಫೈಲಿನ ಸಂಖ್ಯೆ) 5 ಎಂದಿಟ್ಟುಕೊಳ್ಳಿ, 'ಟ್ರಂಕೇಟ್ -ಎಸ್ 0 /ಪ್ರಾಕ್/2314/ಎಫ್‌ಡಿ/5' ಕೊಟ್ಟು ಫೈಲನ್ನು ಖಾಲಿ ಮಾಡಿ. ಇನ್ನೂ ಅಳಿಸಿಲ್ಲವಾದರೆ ಆರ್‌ಎಂ ಬೇಡವೇ ಬೇಡ, ಲಾಗ್ ಫೈಲನ್ನು ಹೆಸರು ಹಿಡಿದೇ ಟ್ರಂಕೇಟ್ ಮಾಡಿ.