ವೋಟು ಕೇಳಿದ್ದು ಅದೊಂದೇ ಸಲ

2014ರ ಏಪ್ರಿಲ್ 17, ಲೋಕಸಭೆ ಚುನಾವಣೆ. ಜಯನಗರದ ಒಂದು ಶಾಲೆಯ ಮುಂದೆ ಕ್ಯೂನಲ್ಲಿ ನಿಂತಿದ್ದೆ. ನನ್ನ ಹಿಂದೆ ನಮ್ಮ ಬೀದಿಯ ಹಿರಿಯರೊಬ್ಬರು. ಕೈಯಲ್ಲಿ ವೋಟರ್ ಐಡಿ, ಆಧಾರ್, ಎರಡಕ್ಕೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್. "ಆಧಾರ್ ತಂದ ನಂದನ್ ನಿಲೇಕಣಿಗೇನಾ ಸಾರ್ ವೋಟು?" ಅಂತ ಸುಮ್ನೆ ಕೆಣಕಿದೆ.

"ನಿಲೇಕಣಿ ಬುದ್ಧಿವಂತರು ಕಣಪ್ಪಾ, ಇಲ್ಲ ಅನ್ನಲ್ಲ. ಆದ್ರೆ ಮೋರಿ ಕಟ್ಕೊಂಡ್ರೆ ಅವರ ಮನೆ ಬಾಗಿಲು ಬಡಿಯಕ್ಕಾಗತ್ತಾ?"

ಎಂಪಿಗೂ ಮೋರಿಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಬೆಂಗಳೂರಲ್ಲಿ ಯಾವ ಚುನಾವಣೆ ಮಾತು ತೆಗೆದರೂ ಮೋರಿಗೇ ಬಂದು ನಿಲ್ಲುತ್ತೆ.

ಮೇ 16ಕ್ಕೆ ಫಲಿತಾಂಶ. ಬೆಂಗಳೂರು ದಕ್ಷಿಣದಲ್ಲಿ ಕಾಂಗ್ರೆಸ್‌ನ ನಂದನ್ ನಿಲೇಕಣಿ, ಬಿಜೆಪಿಯ ಅನಂತಕುಮಾರ್ ಎದುರು 2,28,575 ವೋಟಿನಿಂದ ಸೋತರು. ಮೋದಿ ಅಲೆ ಇತ್ತು, ನಿಜ. 1996ರಿಂದ ಅನಂತಕುಮಾರ್ ಅಲ್ಲಿ ಸೋತೇ ಇರಲಿಲ್ಲ, ಅದೂ ನಿಜ.

ತಮಾಷೆ ಏನಂದ್ರೆ, ನಿಲೇಕಣಿ ಸಾರ್ವಜನಿಕ ಕೆಲಸಕ್ಕೆ ಕಾಲಿಟ್ಟಿದ್ದೇ ಊರಿನ ಇಂಥ ತಾಪತ್ರಯಗಳಿಂದ. 1981ರಲ್ಲಿ ಇವರೂ ಸೇರಿ ಏಳು ಜನ ಇನ್ಫೋಸಿಸ್ ಕಟ್ಟಿದ ಕಥೆ ಎಲ್ಲರಿಗೂ ಗೊತ್ತು, ಬಿಡಿ. 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆದಾಗ ಊರನ್ನು ಸುಧಾರಿಸೋಕೆ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಅನ್ನೋ ಸಮಿತಿ ಮಾಡಿ ಇವರನ್ನು ಅದರ ಮೇಲೆ ಕೂರಿಸಿದರು. ಮನೆ ಕಂದಾಯ ನಾವೇ ಲೆಕ್ಕ ಹಾಕಿ ಕಟ್ಟೋ ಪದ್ಧತಿ ಬಂದಿದ್ದು ಆ ಕಾಲದಲ್ಲೇ. ನಮ್ಮಪ್ಪ ಟೇಪು ಹಿಡಿದು ವರಾಂಡಾ ಅಳೆದು, ಇದನ್ನೂ ಸೇರಿಸಬೇಕಾ ಬೇಡವಾ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದರು. ಆದರೂ ಖುಷಿ. ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲವಲ್ಲ.

2009ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಆಧಾರ್ ಕೆಲಸಕ್ಕೆ ಕರೆದರು. ಕಂಪನಿ ಬಿಟ್ಟು ದೆಹಲಿಗೆ ಹೋದರು. ಮುಂದಿನ ವರ್ಷ ಮಹಾರಾಷ್ಟ್ರದ ತೆಂಭ್ಲಿ ಅನ್ನೋ ಹಳ್ಳಿಯಲ್ಲಿ ಮೊದಲ ಆಧಾರ್ ಕೊಟ್ಟಿದ್ದಾಯ್ತು.

ನನ್ನ ತಕರಾರು ಇಲ್ಲಿದೆ. ಟಾಸ್ಕ್ ಫೋರ್ಸಿಗೆ ಇವರನ್ನು ನಾವು ಆರಿಸಿರಲಿಲ್ಲ. ಆಧಾರ್‌ಗೂ ಯಾರೂ ನಮ್ಮನ್ನು ಕೇಳಲಿಲ್ಲ. 2016ರವರೆಗೆ ಅದಕ್ಕೊಂದು ಕಾಯ್ದೆಯೇ ಇರಲಿಲ್ಲ. ದಾನದ ವಿಷಯವೂ ಅಷ್ಟೇ. ನನ್ನ ಮಗಳ ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾ ತೆರೆಯುತ್ತೆ. ಅದರ ಕೆಳಗಿರೋ ಸನ್‌ಬರ್ಡ್ ತಂತ್ರಾಂಶ, ನಿಲೇಕಣಿ ದಂಪತಿಯ ದುಡ್ಡಿನಲ್ಲಿ ನಡೆಯೋ ಏಕ್‌ಸ್ಟೆಪ್ ಸಂಸ್ಥೆ ಮಾಡಿದ್ದು. ಪುಕ್ಕಟೆ ಕೊಟ್ಟಿದ್ದಾರೆ, ಚೆನ್ನಾಗಿಯೂ ಇದೆ. ಚೆನ್ನಾಗಿಲ್ಲದಿದ್ದರೆ? ದಾನಿಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸೋಕಾಗಲ್ಲ.

ಅದಕ್ಕೇ ನನಗೆ ಅವರ ಗೆಲುವುಗಳಿಗಿಂತ ಆ ಸೋಲಿನ ಮೇಲೆ ಗೌರವ ಜಾಸ್ತಿ. ಸುಮಾರು 7,700 ಕೋಟಿ ಆಸ್ತಿ ಘೋಷಿಸಿಕೊಂಡ ಮನುಷ್ಯ ಬಿಸಿಲಲ್ಲಿ ಬೀದಿ ಬೀದಿ ಸುತ್ತಿ ಕೈಮುಗಿದರು. ರಾಜ್ಯಸಭೆಗೆ ಹೋಗಿ ಆರಾಮಾಗಿ ಕೂರಬಹುದಿತ್ತು, ಅಲ್ವಾ?

ಆಮೇಲೆ ನಡೆದಿದ್ದು ಇನ್ನೂ ಮಜಾ. ಪ್ರಚಾರದಲ್ಲಿ ಮೋದಿಯವರೇ ಆಧಾರ್ ಮೇಲೆ ಹರಿಹಾಯ್ದಿದ್ದರು. ಗೆದ್ದ ಮೇಲೆ, ಜುಲೈನಲ್ಲಿ, ನಿಲೇಕಣಿ ಹೋಗಿ ಅವರನ್ನು ಭೇಟಿಯಾದರು. ಆಧಾರ್ ನಿಲ್ಲಲಿಲ್ಲ, ಇನ್ನಷ್ಟು ಜೋರಾಯ್ತು. ಆಸಾಮಿ ಬೇಡ ಅಂದವರ ಜೇಬಲ್ಲಿ ಅವರ ಕಾರ್ಡು ಉಳೀತು.

ಅದಕ್ಕೆ ಲಗಾಮು ಹಾಕೋಕೆ ಹೊರಟವರೂ ಬೆಂಗಳೂರಿನವರೇ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಕೇಸಿನಲ್ಲೇ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ಕ್ಕೆ. ಅದೇ ದಿನ ನಿಲೇಕಣಿ ಇನ್ಫೋಸಿಸ್‌ಗೆ ಅಧ್ಯಕ್ಷರಾಗಿ ವಾಪಸ್ ಬಂದರು!

ಮರುದಿನ ಆ ಹಿರಿಯರು ಗೇಟಿನ ಹತ್ತಿರ ಪೇಪರ್ ಹಿಡಿದು ನಿಂತಿದ್ದರು. "ಇಬ್ಬರೂ ನಮ್ಮೂರವರೇ ನೋಡಪ್ಪಾ."

"ಮೋರಿ ಏನಾಯ್ತು ಸಾರ್?" ಅಂದೆ.

"ಅದಿನ್ನೂ ಕಟ್ಕೊಂಡೇ ಇದೆ."