ಹುಳುವಿಗಾದರೂ ನಾಲ್ಕು ಜ್ವರ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನೋಡುತ್ತ ಬೆಳೆದವನು ನಾನು. ಹಾಗಾಗಿ ದೇಶದಲ್ಲಿ ನಡೆಯುತ್ತಿರುವ ದುಡಿಮೆಯ ಗಂಟೆಗಳ ಹರಾಜು ನನಗೆ ಬೇಗ ಅರ್ಥವಾಯಿತು. 2023ರ ಅಕ್ಟೋಬರಿನಲ್ಲಿ ಮೊದಲ ಕೂಗು, ದೇಶ ಕಟ್ಟಲು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಶುರುವಾಯಿತು. 2025ರ ಜನವರಿಯಲ್ಲಿ ಇನ್ನೊಬ್ಬ ದೊಡ್ಡವರ, ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥರ, ಬಾಯಿಂದ 90 ಎಂದು ಬಂತು, ಭಾನುವಾರವೂ ಸೇರಿ. ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದೂ ಅವರು ಕೇಳಿದರು. ಅದಕ್ಕೆ ಉತ್ತರ ಕೊಡುವ ಧೈರ್ಯ ನನಗಿಲ್ಲ. ನನ್ನ ಬರಹವನ್ನು ಮೊದಲು ಓದುವವಳು ಅವಳೇ. ವಾರದಲ್ಲಿ ಇರುವುದೇ 168 ಗಂಟೆ, ಅದರಾಚೆಗೆ ಕೂಗಲು ಬರುವುದಿಲ್ಲ ಎಂಬುದೊಂದೇ ಸಮಾಧಾನ.

1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಎಂದಿತ್ತು. ಆಗಷ್ಟೇ ಸ್ವಾತಂತ್ರ್ಯ ಬಂದಿತ್ತಲ್ಲ, ದೇಶ ಕಟ್ಟುವ ಕೆಲಸ ಈಗಿನಷ್ಟು ಇರಲಿಲ್ಲವೇನೋ. 2024ರಲ್ಲಿ ಐಟಿಯವರನ್ನು ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ ಪ್ರಸ್ತಾವ ನಮ್ಮ ರಾಜ್ಯ ಸರ್ಕಾರದ ಮುಂದೆ ಬಂದು, ನೌಕರರು ಗಲಾಟೆ ಎಬ್ಬಿಸಿದ ಮೇಲೆ ಪಕ್ಕಕ್ಕೆ ಸರಿಯಿತು.

70 ಎಂದವರು ನಮ್ಮವರೇ. ಇನ್ಫೋಸಿಸ್ ಕಟ್ಟಿದ ನಾರಾಯಣ ಮೂರ್ತಿಯವರು 1946ರಲ್ಲಿ ಹುಟ್ಟಿದ್ದು ಇದೇ ಶಿಡ್ಲಘಟ್ಟದಲ್ಲಿ. ಆ ಹೆಮ್ಮೆ ನನಗೂ ಇದೆ. ಆದರೆ ಶಿಡ್ಲಘಟ್ಟದಲ್ಲಿ ಹುಟ್ಟಿದವರು ರೇಷ್ಮೆ ಹುಳುವನ್ನು ಮರೆಯಬಾರದಿತ್ತು.

ನೌಕರ ಎಂದರೆ ಹೀಗಿರಬೇಕು ಎನ್ನುವಂಥ ಜೀವ ಅದು. ಸೊಪ್ಪು ಹಾಕಿದಷ್ಟೂ ತಿನ್ನುತ್ತದೆ, ಹಗಲಿಲ್ಲ ರಾತ್ರಿಯಿಲ್ಲ. ಕೊನೆಯ ವಾರದಲ್ಲಿ ಹುಳುಮನೆಯೊಳಗೆ ನಿಂತರೆ ಹೊರಗೆ ಸೋನೆ ಮಳೆ ಹಿಡಿದಿದೆ ಎನ್ನಿಸುತ್ತದೆ. ಮಳೆಯಲ್ಲ, ಸೊಪ್ಪು ಮೇಯುವ ಸದ್ದು. ಸುಮಾರು 25 ದಿನದಲ್ಲಿ ಮೈತೂಕವನ್ನು ಸಾವಿರಾರು ಪಟ್ಟು ಏರಿಸಿಕೊಂಡು, ಯಾರೂ ಗುರಿ ನಿಗದಿ ಮಾಡದಿದ್ದರೂ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ನೂಲು ಬಿಟ್ಟು, ಅದರೊಳಗೇ ಕೂತು ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ನಾವು ಅದನ್ನು ಬಿಸಿನೀರಿನ ಬಾಣಲೆಗೆ ಹಾಕುತ್ತೇವೆ. ಪಿಂಚಣಿಯ ಗೊಡವೆಯಿಲ್ಲ.

ಇಂಥ ಹುಳು ಕೂಡ ನಾಲ್ಕು ಸಲ ರಜೆ ಹಾಕುತ್ತದೆ. ಪೊರೆ ಕಳಚುವ ಆ ಹೊತ್ತನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ದಿನದ ಮಟ್ಟಿಗೆ ತಲೆ ಎತ್ತಿಕೊಂಡು, ಬಾಯಿ ಮುಚ್ಚಿಕೊಂಡು, ಅಲ್ಲಾಡದೆ ನಿಂತುಬಿಡುತ್ತದೆ. ಆಗ ಯಾವ ರೈತನೂ ಸೊಪ್ಪು ಹಾಕುವುದಿಲ್ಲ. ಮೇಲೆ ತೆಳುವಾಗಿ ಸುಣ್ಣದ ಪುಡಿ ಉದುರಿಸಿ, ಬಾಗಿಲು ಮುಂದೆ ಮಾಡಿ ಬರುತ್ತಾನೆ. ಪಕ್ಕದ ತಟ್ಟೆಯ ಹುಳುವನ್ನು ನೋಡಿ ಕಲಿ ಎಂದು ಉಪದೇಶ ಮಾಡುವುದಿಲ್ಲ. ಜ್ವರದಲ್ಲಿ ಕೆಣಕಿದರೆ ಬೆಳೆ ಕೈಬಿಡುತ್ತದೆ ಎಂಬುದು ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು.

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿನಿಂದ ಬಂದ. ಬೆಂಗಳೂರು ತಾನು ಬಳಸಿದ ನೀರನ್ನು ಎಚ್‌.ಎನ್‌. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಕಳುಹಿಸುತ್ತದಲ್ಲ, ಅದನ್ನು ಎರಡು ಹಂತ ಶುದ್ಧೀಕರಿಸುತ್ತಾರೆ; ಮೂರನೆಯ ಹಂತವೂ ಬೇಕೆಂದು ಇಲ್ಲಿಯವರು ಹೋರಾಡುತ್ತಲೇ ಇದ್ದಾರೆ. ಬಳಸಿ ಮುಗಿದ ಹುಡುಗರನ್ನು ಮಾತ್ರ ಒಂದು ಹಂತವೂ ಇಲ್ಲದೆ ನೇರವಾಗಿ ಬಸ್ಸು ಹತ್ತಿಸುತ್ತಾರೆ.

ವೈದ್ಯರು 15 ದಿನ ವಿಶ್ರಾಂತಿ ಬರೆದಿದ್ದರು. ಏನಾಗಿದೆ ಎಂದರೆ ಬರ್ನ್‌ಔಟ್ ಎಂದ. ಅಕ್ಕ ಗಾಬರಿಯಾಗಿ, "ಎಲ್ಲಪ್ಪಾ ಸುಟ್ಟುಕೊಂಡೆ?" ಎಂದು ಅವನ ಕೈ ಹಿಡಿದು ತಿರುಗಿಸಿ ನೋಡಿದಳು. ಕೆಲಸದ ಒತ್ತಡಕ್ಕೆ ಮೈಮನಸ್ಸು ಸೋತುಹೋಗುವ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಗೆ ಸೇರಿಸಿಕೊಂಡಿದೆ, ಆದರೆ ಕಾಯಿಲೆ ಎಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು. ಕಂಪನಿಗಳಿಗೆ ಇದಕ್ಕಿಂತ ಅನುಕೂಲದ ಪದ ಸಿಗಲಾರದು. ಕಾಯಿಲೆಯಾದರೆ ರಜೆ ಕೊಡಬೇಕು; ವಿದ್ಯಮಾನಕ್ಕೆ ಒಂದು ವೆಬಿನಾರ್ ಸಾಕು. ಇವನ ಕಂಪನಿಯೂ ಕೊಟ್ಟಿತ್ತು. ಒತ್ತಡ ನಿರ್ವಹಣೆಯ ಬಗ್ಗೆ, ಶನಿವಾರ ಸಂಜೆ, ಹಾಜರಿ ಕಡ್ಡಾಯ.

ಹುಡುಗ ವಿಶ್ರಾಂತಿಯನ್ನೂ ಅಳೆದು ತೂಗಿಯೇ ತೆಗೆದುಕೊಳ್ಳುತ್ತಿದ್ದ. ಅವನ ಮೊಬೈಲಿನಲ್ಲಿ ಒಂದು ಕೆಂಪು ಟೊಮೆಟೊ ಇದೆ, 25 ನಿಮಿಷಕ್ಕೆ ಟ್ರಿಣ್ ಎನ್ನುತ್ತದೆ. "ಏನೋ ಇದು?" ಎಂದೆ. "ಪೊಮೊಡೊರೊ, ಮಾವ" ಎಂದ. 25 ನಿಮಿಷ ಕೆಲಸ, ಆಮೇಲೆ ತುಸು ಬಿಡುವು ಎಂದು ಹೊತ್ತು ಅಳೆಯುವ ವಿಧಾನ. ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯವನು 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಓದಿನ ಮೇಲೆ ಮನಸ್ಸು ನಿಲ್ಲದೆ ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ತಂದು ಎದುರಿಗಿಟ್ಟುಕೊಂಡನಂತೆ. ಚಿಂತಾಮಣಿ, ಕೋಲಾರದ ಮಂಡಿಗಳ ಮಗ್ಗುಲಲ್ಲೇ ಬದುಕಿಯೂ ಟೊಮೆಟೊದಿಂದ ಮನುಷ್ಯನನ್ನು ಹೀಗೂ ಕಾಡಬಹುದೆಂದು ನಮಗೆ ಹೊಳೆದಿರಲಿಲ್ಲ.

ನಮ್ಮ ಟೊಮೆಟೊ ಕಲಿಸಿದ್ದು ಬೇರೆ. 2023ರ ಜುಲೈಯಲ್ಲಿ 15 ಕೆಜಿಯ ಬಾಕ್ಸು ಕೋಲಾರದಲ್ಲಿ 2,000 ರೂಪಾಯಿ ದಾಟಿತು. ಬೆಲೆ ಬಿದ್ದ ವರ್ಷ ಅದೇ ರೈತ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಮನೆಗೆ ಹೋಗುತ್ತಾನೆ. ಎರಡೂ ಸಲ ನೆಟ್ಟ ಕೋಲು ಅಷ್ಟೇ, ಅಂಗಮಾರಿಗೆ ಹೊಡೆದ ಔಷಧಿ ಅಷ್ಟೇ, ಬಿದ್ದ ಬೆವರೂ ಅಷ್ಟೇ. ಸುರಿದ ಮೇಲೆ ಸರ್ಕಾರವನ್ನು ಬೈಯುತ್ತಾನೆ, ದಲ್ಲಾಳಿಯನ್ನು ಬೈಯುತ್ತಾನೆ, ಬೈಯಲು ಯಾರೂ ಉಳಿಯದಿದ್ದರೆ ಮಳೆಯನ್ನು. ನಾನು ಕೊಳೆತ ಹಣ್ಣು ಎಂದು ಮಾತ್ರ ಅವನಿಗೆ ಅನ್ನಿಸುವುದಿಲ್ಲ. ನಮ್ಮ ಹುಡುಗನಿಗೆ ಈ ವರ್ಷ ರೇಟಿಂಗ್ ಒಂದು ಅಂಕ ಇಳಿಯಿತು. ಬೈದುಕೊಂಡದ್ದು ತನ್ನನ್ನೇ. ತಲೆಯೊಳಗೇ ಕೂತು ಗದರುವ ಮೇಸ್ತ್ರಿ, ಅದೂ ಸಂಬಳವಿಲ್ಲದೆ! ಇಷ್ಟು ಅಗ್ಗದವನು ಬೇರೆಲ್ಲಿ ಸಿಗುತ್ತಾನೆ?

ಮೂರನೆಯ ದಿನ ಅಮ್ಮನ ಜೊತೆ ಸೊಪ್ಪು ಕೊಯ್ಯಲು ಹೋದವನು, "ಗಂಟೆಗೆ ಎಷ್ಟು ಕೆಜಿ ಕೊಯ್ಯುತ್ತೀಯಮ್ಮ?" ಎಂದು ಕೇಳಿದ. "ಹುಳುವಿಗೆ ಬೇಕಾಗುವಷ್ಟು" ಎಂದಳು. ಬೆಳೆಯ ಕೊನೆಯ ವಾರದಲ್ಲಿ ನಡುರಾತ್ರಿ ಎದ್ದು ಸೊಪ್ಪು ಹಾಕುವ ಅವಳು 90 ಗಂಟೆಯನ್ನು ಎಂದೋ ದಾಟಿದ್ದಾಳೆ. ಅವಳನ್ನು ಯಾವ ವೇದಿಕೆಗೂ ಯಾರೂ ಕರೆದಿಲ್ಲ.

ಮಾರನೆಯ ಮಧ್ಯಾಹ್ನ ಮುದ್ದೆ ಉಂಡು ಹುಡುಗ ಎರಡು ಗಂಟೆ ಮಲಗಿದ. ಎದ್ದವನು ಗಡಿಯಾರ ನೋಡಿ, ಮುಖ ಸಣ್ಣದು ಮಾಡಿಕೊಂಡು, "ಸಾರಿ ಅಮ್ಮ" ಎಂದ. ನಿದ್ದೆ ಮಾಡಿದ್ದಕ್ಕೆ. ತನ್ನ ಮನೆಯಲ್ಲಿ, ವೈದ್ಯರೇ ಹೇಳಿ ಕಳುಹಿಸಿದ ರಜೆಯಲ್ಲಿ. ಇದರಲ್ಲಿ ತಮಾಷೆ ಹುಡುಕಲು ನನಗೆ ಸಾಧ್ಯವಾಗಲಿಲ್ಲ. 29 ವರ್ಷದ ಗಂಡು ಮಗ, ನಿದ್ದೆಗೆ ಕ್ಷಮೆ ಕೇಳುವ ಹಾಗೆ ಮಾಡಿದ್ದೀರಲ್ಲ, ನಿಮಗೆ ಇನ್ನೆಷ್ಟು ಗಂಟೆ ಬೇಕು? ಯಾವ ದೇಶ ಕಟ್ಟಲು?

ಇರಲಿ. ಅವನು ಹೊರಡುವ ಹಿಂದಿನ ದಿನ ಹುಳು ನಾಲ್ಕನೆಯ ಜ್ವರಕ್ಕೆ ಕುಳಿತಿತ್ತು. ಹುಳುಮನೆಯ ಜಗುಲಿಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಅವನು ಗೋಡೆಗೆ ಒರಗಿ ನಿದ್ದೆ ಹೋಗಿದ್ದ, ಬಾಯಿ ತುಸು ತೆರೆದಿತ್ತು. ಅಕ್ಕ ಸುಣ್ಣದ ಕೈಯಲ್ಲೇ ಹೊರಗೆ ಬಂದು, ಅವನ ಪಕ್ಕದಲ್ಲಿದ್ದ ಮೊಬೈಲನ್ನು ಎತ್ತಿ, ಸೊಪ್ಪಿನ ರಾಶಿಗೆ ಹೊದಿಸಿದ್ದ ಒದ್ದೆ ಗೋಣಿಯ ಕೆಳಗೆ ತೂರಿಸಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟ್ರಿಣ್ ಎಂದಿತು.

"ಟೊಮೆಟೊ ಕೂಗುತ್ತಿದೆ" ಎಂದೆ.

"ಕೂಗಲಿ ಬಿಡು" ಎಂದಳು ಅಕ್ಕ.